ಶುದ್ಧ ಸಸ್ಯಾಹಾರಿ ಹೋಟೆಲಿನ ಮೀನು

ಮುಂಬೈಯ ಮಾಟುಂಗದಲ್ಲಿ ನಮ್ಮ ಶೆಟ್ಟರದು ಶುದ್ಧ ಸಸ್ಯಾಹಾರಿ ಹೋಟೆಲ್. ಗಲ್ಲಾ ಪಕ್ಕದ ಗಾಜಿನ ತೊಟ್ಟಿಯಲ್ಲಿ ಮಾತ್ರ ಒಂದು ಫ್ಲವರ್‌ಹಾರ್ನ್ ಮೀನು. ಹಣೆಯ ಮೇಲೆ ದೊಡ್ಡ ಉಬ್ಬು. ಮುಖದಲ್ಲಿ ಉದ್ರಿ ಕೇಳಲು ಬಂದವನನ್ನು ನೋಡುವಂಥ ಸಿಟ್ಟು. ರಾತ್ರಿ ಶಟರ್ ಅರ್ಧ ಎಳೆದ ಮೇಲೆ ನಮ್ಮ ಹರಟೆ ಅದರ ಎದುರೇ.

"ಉಬ್ಬು ಬೆಳೆದಷ್ಟೂ ವ್ಯಾಪಾರ ಬೆಳೆಯುತ್ತದೆ, ಶಾಸ್ತ್ರದಲ್ಲೇ ಉಂಟು" ಎಂದರು ಶೆಟ್ರು.

"ಯಾವ ಶಾಸ್ತ್ರ ಮಾರಾಯ್ರೆ? ಮಲೇಷ್ಯಾದವರು ಇದನ್ನು ಮಿಶ್ರತಳಿ ಮಾಡಿ ಹುಟ್ಟಿಸಿದ್ದೇ 1990ರ ದಶಕದಲ್ಲಿ!" ಎಂದರು ಭಟ್ರು.

ಶೆಟ್ರು ಉತ್ತರ ಕೊಡದೆ ಫೋನ್ ಮುಂದೆ ಹಿಡಿದರು. ಸ್ಟೇಟಸ್‌ಗೆ ಹಾಕಲು ತೆಗೆದ ಫೋಟೋ. ನಡುವೆ ಒಂದು ಬಿಳಿ ಬೆಳಕಿನ ಉಂಡೆ, ಸುತ್ತ ಗಲ್ಲಾ, ಮೆನು ಬೋರ್ಡು.

"ನಿಮ್ಮ ಹೊಟ್ಟೆ ಮಾತ್ರ ಛಲೋ ಬಂದಿದೆ ನೋಡ್ರಿ" ಎಂದ ಕುಲಕರ್ಣಿ. ಧಾರವಾಡದವನು, ಮದುವೆ ಫೋಟೋ ತೆಗೆದು ಪಳಗಿದವನು. "ಮೊದಲು ಫ್ಲಾಶ್ ಬಂದ್ ಮಾಡ್ರಿ. ಆ ಉಂಡೆ ಗಾಜಿನಲ್ಲಿ ಬಿದ್ದ ಅದರದೇ ಪ್ರತಿಬಿಂಬ. ಮೀನಿನ ಚರ್ಮ-ಹುರುಪೆಯೊಳಗೂ ಗ್ವಾನಿನ್ ಅನ್ನೋ ಹರಳುಗಳಿರುತ್ತವೆ, ಒಂದೊಂದೂ ಕನ್ನಡಿ ಇದ್ದಂತೆ. ಅವೂ ಬೆಳಕನ್ನು ವಾಪಸ್ ಮುಖಕ್ಕೇ ಎಸೆಯುತ್ತವೆ."

ಭಟ್ರು ಗಾಜು ಒರೆಸಲು ಸ್ಪ್ರೇ ಬಾಟಲಿ ತಂದರು. ಕುಲಕರ್ಣಿ ಕಿತ್ತುಕೊಂಡ. "ಇದರಲ್ಲಿ ಅಮೋನಿಯ ಇದ್ದರೆ? ನೀರಿಗೆ ಬಿದ್ದರೆ ಮೀನಿಗೆ ವಿಷ. ಒದ್ದೆ ಬಟ್ಟೆ ಸಾಕು. ಗುಳ್ಳೆ ಬಿಡೋ ಪಂಪನ್ನು ಎರಡು ನಿಮಿಷ ಆಫ್ ಮಾಡ್ರಿ."

ಹೋಟೆಲಿನ ದೀಪ ಆರಿಸಿದೆವು, ತೊಟ್ಟಿಯದು ಮಾತ್ರ ಉಳಿಯಿತು. ಪಕ್ಕಕ್ಕೆ ನಿಂತು ತೆಗೆದರೆ ನೀರು-ಗಾಜು ದಾಟುವಾಗ ಬೆಳಕು ಬಾಗಿ ಮೀನು ಕಲಸಿದಂತೆ ಕಾಣುತ್ತದಂತೆ. ಫೋನನ್ನು ಗಾಜಿಗೆ ನೇರವಾಗಿ, ಹತ್ತಿರ ಹಿಡಿಯಬೇಕು. ಹಿಡಿದೆವು. ಈಗ ಫೋಟೋ ತುಂಬ ಅಡ್ಡ ಪಟ್ಟೆಗಳು!

"ಎಂತ ಇದು? ಹುಲಿಯಾ?" ಎಂದರು ಶೆಟ್ರು.

"ಅಗ್ಗದ ಎಲ್‌ಇಡಿ. ನಮ್ಮ ಕರೆಂಟು 50 ಹರ್ಟ್ಸ್, ದೀಪ ಸೆಕೆಂಡಿಗೆ 100 ಸಲ ಮಿಣುಕುತ್ತದೆ. ಕಣ್ಣಿಗೆ ಗೊತ್ತಾಗಲ್ಲ, ಕ್ಯಾಮೆರಾಗೆ ಗೊತ್ತಾಗುತ್ತದೆ. ಫೋನ್ ಕ್ಯಾಮೆರಾದ ಪ್ರೋ ಮೋಡ್‌ನಲ್ಲಿ ಶಟರ್ 1/100 ಸೆಕೆಂಡಿಗೆ ಇಡ್ರಿ, ಒಂದು ಮಿಣುಕಿಗೆ ಸರಿಯಾಗಿ."

ಶೆಟ್ರು ಎದ್ದು ಅಂಗಡಿಯ ಶಟರ್ ಪೂರ್ತಿ ಎಳೆಯಲು ಹೊರಟರು. ಹಿಡಿದು ಕೂರಿಸಿದೆವು.

ಪಟ್ಟೆ ಹೋಯಿತು. ಆದರೆ ಗಾಜಿನಲ್ಲಿ ಕುಲಕರ್ಣಿಯ ಬಿಳಿ ಶರಟು ಮಿಂಚುತ್ತಿತ್ತು. ಕಳಚಿದ. ಒಳಗೆ ಇನ್ನೂ ಬಿಳಿ ಬನಿಯನ್. ಮಳೆಗಾಲದ ಮುಂಬೈ ಅಲ್ವಾ, ಮೂಲೆಯಲ್ಲಿ ಕಪ್ಪು ಕೊಡೆ ಇತ್ತು. ಬಿಚ್ಚಿ ಫೋನಿನ ಹಿಂದೆ, ಆ ಬನಿಯನ್ನಿಗೆ ಅಡ್ಡ ಹಿಡಿದೆ.

"ಮೀನು ಮುಂದೆ ಬರಬೇಕಲ್ಲ?" ಎಂದರು ಭಟ್ರು. ಗಾಜು ಕುಟ್ಟಲು ಕೈ ಎತ್ತಿದ್ದರು.

"ಕುಟ್ಟಬೇಡಿ, ಬೆದರುತ್ತದೆ. ಸುಮ್ನೆ ಬೆರಳು ತೋರಿಸಿ. ಈ ಜಾತಿಗೆ ಜಗಳ ಅಂದ್ರೆ ಇಷ್ಟ. ಫೋಕಸ್ ಕಣ್ಣಿನ ಮೇಲಿರಲಿ."

ಭಟ್ರು ಬೆರಳಾಡಿಸಿದರು. ಮೀನು ಕಿವಿರು ಉಬ್ಬಿಸಿಕೊಂಡು ನುಗ್ಗಿ ಬಂತು. ನಾಲ್ವರೂ ಕತ್ತಲಲ್ಲಿ ಉಸಿರು ಬಿಗಿ ಹಿಡಿದೆವು. ಅಷ್ಟರಲ್ಲಿ ಅರ್ಧ ಶಟರಿನ ಕೆಳಗಿಂದ ಒಂದು ತಲೆ ಇಣುಕಿತು. ಒಂದೇ ದೀಪ, ಅದರೆದುರು ಕೊಡೆ, ಬನಿಯನ್ನಿನಲ್ಲಿ ಒಬ್ಬ, ಬೆರಳು ಸುತ್ತಿಸುತ್ತಿರುವ ಭಟ್ರು. ಆತ ಚಪ್ಪಲಿ ಬಿಟ್ಟು ಒಳಗೆ ಬಂದು ಕೈ ಮುಗಿದ.

"ಪೂಜೆ ಮುಗೀತಾ? ಪ್ರಸಾದಕ್ಕೆ ಏನಿದೆ?"

"ಇಡ್ಲಿ ಖಾಲಿ" ಎಂದರು ಶೆಟ್ರು, ಫೋನಿನಿಂದ ಕಣ್ಣು ಕೀಳದೆ.