ಪದಚರ್ಚೆ: ‘ರಿಮೋಟ್ ಸ್ಟ್ರೀಮಿಂಗ್’ಗೆ ಕನ್ನಡದಲ್ಲಿ ಏನು? ಶನಿವಾರ ರಾತ್ರಿಯೊಳಗೆ ಬೇಕು

ದಾವಣಗೆರೆಯಿಂದ, ಶುಕ್ರವಾರ ಬೆಳಿಗ್ಗೆ

ಗೆಳೆಯರೆ, ಒಂದು ಪದ ಬೇಕು. ಭಾನುವಾರ ಚಿತ್ರದುರ್ಗಕ್ಕೆ ಹೋಗಿ ಅತ್ತೆಯ ಟಿವಿ ಪಕ್ಕ ಒಂದು ಚೀಟಿ ಅಂಟಿಸಬೇಕು. ನಮ್ಮ ಕಂಪ್ಯೂಟರಿನ ಹಾಡು, ವಿಡಿಯೊಗಳನ್ನು ಬೇರೆ ಕಡೆಯ ಟಿವಿಗೆ ಕಳಿಸುವ ಜೆಲ್ಲಿಫಿನ್ ತಂತ್ರಾಂಶದ ಕನ್ನಡ ಅನುವಾದಕ್ಕೂ ಅದೇ ಪದ ಹಾಕೋಣ ಅಂತಿದ್ದೇನೆ.

ವಿಷಯ ಇಷ್ಟು. ಮಾವ ಊರೂರು ತಿರುಗಿ ಕ್ಯಾಸೆಟ್ಟಿನಲ್ಲಿ ತುಂಬಿಕೊಂಡ ಬಯಲಾಟ, ಭಜನೆ, ಸೋಬಾನೆ ಪದ ಎಲ್ಲ ಈಗ ನಮ್ಮನೆ ಕಂಪ್ಯೂಟರಿನಲ್ಲಿವೆ. ಕಂಪ್ಯೂಟರ್ ಇಲ್ಲಿ ವಿನೋಬನಗರದಲ್ಲಿ ಇರುತ್ತೆ, ಅತ್ತೆ ಅಲ್ಲಿ ಟಿವಿಯಲ್ಲಿ ಬೇಕಾದ್ದನ್ನು ಒತ್ತಿ ಕೇಳುತ್ತಾರೆ. ಫೈಲು ಅಲ್ಲಿಗೆ ಹೋಗಿ ಉಳಿಯುವುದಿಲ್ಲ. ಬಂದಷ್ಟು ಕೇಳಿಸುತ್ತೆ, ಮುಗಿಯುತ್ತೆ.

ಹೋದ ಸಲ ಚೀಟಿಯಲ್ಲಿ ‘ರಿಮೋಟ್ ಸ್ಟ್ರೀಮಿಂಗ್ ಒತ್ತಿ’ ಅಂತ ಬರೆದಿಟ್ಟು ಬಂದೆ. ಅತ್ತೆ ಟಿವಿ ರಿಮೋಟನ್ನು ಹಿಂದೆ ಮುಂದೆ ತಿರುಗಿಸಿ ಆ ಹೆಸರಿನ ಗುಂಡಿ ಹುಡುಕಿದರಂತೆ. ಸಿಗದೆ, ಸೆಲ್ ತೆಗೆದು ಬೇರೆ ಹಾಕಿ ನೋಡಿದರಂತೆ. ತಪ್ಪು ಅವರದಲ್ಲ. ನಮ್ಮ ಮನೆಗಳಲ್ಲಿ ರಿಮೋಟ್ ಅಂದರೆ ಕೈಯಲ್ಲಿ ಹಿಡಿಯುವುದು. ದೂರ ಅನ್ನೋ ಅರ್ಥ ಆ ಪದದ ಜೊತೆ ಇಲ್ಲಿಗೆ ಬಂದೇ ಇಲ್ಲ.

ಬೆಂಗಳೂರಿನಿಂದ

ಸ್ಟ್ರೀಮಿಂಗ್ ಅಂತಲೇ ಬರೆಯಿರಿ. ನೀವೇ ಕ್ಯಾಸೆಟ್ಟು, ಟಿವಿ, ಫೈಲು ಅಂತ ಬರೆದಿದ್ದೀರಿ. ಇದೊಂದಕ್ಕೆ ಯಾಕೆ ಪಂಚಾಯ್ತಿ?

ಶಿವಮೊಗ್ಗದಿಂದ

ಪದ ಕಣ್ಣೆದುರೇ ಇದೆ. ಬಿತ್ತರ. ‘ಬಿತ್ತು’ ಅನ್ನೋ ಅಚ್ಚಗನ್ನಡ ಬೇರಿನಿಂದ ಬಂದದ್ದು. ಇಂಗ್ಲಿಷಿನ ಬ್ರಾಡ್‌ಕಾಸ್ಟ್ ಕೂಡ ಮೊದಲು ಬೀಜ ಎರಚುವ ಮಾತೇ ಆಗಿತ್ತು. ಮೆಕ್ಕೆಜೋಳ ಬಿತ್ತುವ ದಾವಣಗೆರೆಯವರಿಗೆ ಇದನ್ನು ಹೇಳಿಕೊಡಬೇಕಾ? ‘ಮನೆಬಿತ್ತರ’ ಅನ್ನಿ, ಮುಗೀತು. ಸಂಸ್ಕೃತದ ‘ಪ್ರಸಾರ’ ಮಾತ್ರ ಬೇಡವೇ ಬೇಡ.

ಹಿರಿಯೂರಿನಿಂದ

ಬಿತ್ತರಕ್ಕೂ ಬಿತ್ತನೆಗೂ ಸಂಬಂಧವೇ ಇಲ್ಲ. ಅದು ಸಂಸ್ಕೃತದ ‘ವಿಸ್ತರ’ದ ತದ್ಭವ. ವಕಾರ ಬಕಾರವಾಗಿದೆ, ಒತ್ತು ಬದಲಾಗಿದೆ. ಪ್ರಸಾರ ಬೇಡ ಅಂತ ಬಾಗಿಲು ಹಾಕಿದವರು ಅದರ ಅಣ್ಣನನ್ನೇ ಒಳಗೆ ಕೂರಿಸಿಕೊಂಡಿದ್ದೀರಿ.

ಇನ್ನು ಅರ್ಥ. ಬಿತ್ತರ ಎಲ್ಲರಿಗೂ ಹೋಗುವಂಥದ್ದು. ರೇಡಿಯೊ ಕೇಂದ್ರ ಯಾರು ಕೇಳಲಿ ಬಿಡಲಿ ಹೇಳುತ್ತಲೇ ಇರುತ್ತದೆ. ಇಲ್ಲಿ ಹಾಗಲ್ಲ. ಅತ್ತೆ ಒತ್ತಿದಾಗ ಮಾತ್ರ, ಅವರು ಕೇಳಿದ್ದು ಮಾತ್ರ, ಅವರ ಟಿವಿಗೆ ಮಾತ್ರ ಹೋಗುತ್ತದೆ. ಇದು ಬಿತ್ತನೆಯ ಕೆಲಸ ಅಲ್ಲ, ನೀರಿನ ಕೆಲಸ.

ನಮ್ಮದು ವಾಣಿವಿಲಾಸ ಸಾಗರದ ನಾಲೆ ಬಯಲು. 1907ರಲ್ಲಿ ಕಟ್ಟಿ ಮುಗಿಸಿದ ಮಾರಿಕಣಿವೆ ಕಟ್ಟೆಯ ನೀರು. ನೀರೆಲ್ಲ ಇರುವುದು ಕಟ್ಟೆಯಲ್ಲಿ. ನಾಲೆಗೆ ಬಿಟ್ಟಾಗ ತೋಟಕ್ಕೆ ಹಾಯಿಸುತ್ತೇವೆ. ಒಂದು ಮಡಿ ನೆನೆದರೆ ಗುದ್ದಲಿಯಲ್ಲಿ ಬದು ಕಡಿದು ಮುಂದಿನ ಮಡಿಗೆ ತಿರುಗಿಸುತ್ತೇವೆ. ಬಂದ ಹಾಗೇ ಬಳಸುತ್ತೇವೆ, ಕೂಡಿಡುವುದಿಲ್ಲ. ಡೌನ್‌ಲೋಡ್ ಅಂದರೆ ತೊಟ್ಟಿ ತುಂಬಿಸಿಕೊಳ್ಳುವುದು. ಸ್ಟ್ರೀಮಿಂಗ್ ಅಂದರೆ ನೀರು ಹಾಯಿಸುವುದು. ನಾಲೆ ಕಿರಿದಾದರೆ ಏನಾಗುತ್ತೋ ಇಲ್ಲೂ ಅದೇ ಆಗುತ್ತೆ. ಸೆಕೆಂಡಿಗೆ 8 ಮೆಗಾಬಿಟ್ ಬೇಡುವ ವಿಡಿಯೊ ಗಂಟೆಗೆ 3.6 ಜಿಬಿ ಎಳೆಯುತ್ತದೆ. ದಾವಣಗೆರೆ ಮನೆಯ ಅಪ್‌ಲೋಡ್ ವೇಗ ಅಷ್ಟಿಲ್ಲದಿದ್ದರೆ ಚಿತ್ರದುರ್ಗದಲ್ಲಿ ಎಷ್ಟು ವೇಗದ ಇಂಟರ್ನೆಟ್ ಇದ್ದರೂ ನಿಂತು ನಿಂತೇ ಬರುತ್ತದೆ. ಕಟ್ಟೆಯ ತೂಬು ಸಣ್ಣದಾದ ಮೇಲೆ ಕೊನೆಯ ಹೊಲದವನು ಕಾಲುವೆ ಅಗಲ ಮಾಡಿ ಏನು ಬಂತು?

ಹಾಗಾಗಿ ‘ಹರಿಸು’ ಅಥವಾ ‘ಹಾಯಿಸು’. ಹರಿಸು ಜಾಸ್ತಿ ಜನರಿಗೆ ಗೊತ್ತು. ಆದರೆ ಒಂದು ಎಚ್ಚರ. ‘ವಿಡಿಯೊ ಹರಿಯುತ್ತಿದೆ’ ಅಂತ ಬರೆಯಬೇಡಿ. ಟೆಂಟ್ ಸಿನಿಮಾ ಕಾಲದವರಿಗೆ ರೀಲ್ ಹರಿದುಹೋದ ನೆನಪಾಗುತ್ತೆ. ಹಳಗನ್ನಡದಲ್ಲಿ ಹೊಳೆಗೆ ‘ಪರಿ’, ಬಟ್ಟೆಗೆ ‘ಪಱಿ’ ಅಂತ ಬೇರೆ ಬೇರೆ ಇದ್ದವು. ಶಕಟರೇಫ, ಅಂದರೆ ಆ ‘ಱ’ ಅಕ್ಷರ, ಹೋಯಿತು, ಎರಡೂ ‘ಹರಿ’ ಆಗಿ ಕೂತವು. ‘ಹರಿಸು’ ಅಂದಾಗ ಆ ತೊಡಕಿಲ್ಲ. ಬಟ್ಟೆಯನ್ನು ಯಾರೂ ಹರಿಸುವುದಿಲ್ಲ.

ಶಿವಮೊಗ್ಗದಿಂದ

ತದ್ಭವ ಆದಮೇಲೆ ಅದು ನಮ್ಮದೇ. ವೃಷಭ ಬಸವ ಆದ, ಶರ್ಕರಾ ಸಕ್ಕರೆ ಆಯಿತು. ಅವನ್ನೂ ವಾಪಸ್ ಕಳಿಸುತ್ತೀರಾ?

ಬೆಂಗಳೂರಿನಿಂದ

ಸರಿಯಾಗಿ ಹೇಳಿದಿರಿ. ಅದೇ ನ್ಯಾಯ ಇಂಗ್ಲಿಷಿಗೂ ಕೊಡಿ. 1935ರಲ್ಲಿ ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ಶುರು ಮಾಡಿದ ಕೇಂದ್ರಕ್ಕೆ ಆಕಾಶವಾಣಿ ಅನ್ನೋ ಹೆಸರು ಬಂತು. ಒಳ್ಳೆಯ ಪದ. ಅದು ಕೇಂದ್ರದ ಹೆಸರಾಗಿ ನಿಂತಿತು. ಬಾನುಲಿ ಪುಸ್ತಕದಲ್ಲಿ ನಿಂತಿತು. ಜನ ಹಾಕಿದ್ದು ಮಾತ್ರ ರೇಡಿಯೊ.

ಹಿರಿಯೂರಿನಿಂದ

ರೇಡಿಯೊ ಒಂದು ವಸ್ತು. ಅದು ತನ್ನ ಹೆಸರು ಹೊತ್ತುಕೊಂಡೇ ಬಂತು. ಹರಿಯುವುದು, ಬಿಡುವುದು ಕೆಲಸ. ಕೆಲಸಕ್ಕೆ ನಮ್ಮಲ್ಲಿ ಮೊದಲೇ ಕ್ರಿಯಾಪದ ಇದೆ. ಇರುವುದನ್ನು ಬಿಟ್ಟು ಸಾಲ ತರುವವರ ಜೊತೆ ನನಗೆ ಮಾತಿಲ್ಲ.

ದಾವಣಗೆರೆಯಿಂದ, ಶನಿವಾರ ಸಂಜೆ

ಎಲ್ಲರಿಗೂ ನಮಸ್ಕಾರ. ಸಾಲದ ಚರ್ಚೆ ದೊಡ್ಡದು, ಅದನ್ನು ಬೇರೆ ಎಳೆಯಲ್ಲಿ ಮುಂದುವರಿಸಿ. ನನಗೆ ಚೀಟಿ ಬರೆಯಬೇಕು.

ನಿಮ್ಮ ಮಾತೆಲ್ಲ ಓದಿ ಅತ್ತೆಗೇ ಫೋನ್ ಮಾಡಿದೆ. ‘ಅತ್ತೆ, ಇಲ್ಲಿಂದ ಮಾವನ ಹಾಡು ಬರುತ್ತಲ್ಲ, ಅದಕ್ಕೆ ಏನಂತೀರಿ?’ ಅಂದೆ. ‘ಏನಂತಾರಪ್ಪ, ನೀನು ಬಿಡ್ತೀಯ, ನಾನು ಕೇಳ್ತೀನಿ. ಮೊನ್ನೆ ಬಿಟ್ಟಿದ್ದಿಲ್ಲೇನು? ಬರಲೇ ಇಲ್ಲ’ ಅಂದರು. ಮೊನ್ನೆ ಇಲ್ಲಿ ಕರೆಂಟು ಹೋಗಿ ಕಂಪ್ಯೂಟರ್ ಆಫ್ ಆಗಿತ್ತು. ನಾಲೆಗೆ ನೀರು ಬಿಡುವುದಕ್ಕೆ ಅತ್ತೆ ಹೇಳುವ ಮಾತೂ ಅದೇ ‘ಬಿಡು’.

ಹಿರಿಯೂರಿನ ಸರ್ ಹೇಳಿದ ಹಾಗೆ ಅನುವಾದದಲ್ಲಿ ‘ಹರಿಸು’ ಹಾಕಿದ್ದೇನೆ. ‘ರಿಮೋಟ್’ ಜಾಗದಲ್ಲಿ ‘ಹೊರಗಿನಿಂದ’. ಮನೆಯ ವೈಫೈ ಒಳಗೆ ನೋಡುವುದು, ಮನೆಯಾಚೆಯಿಂದ ನೋಡುವುದು, ಈ ಎರಡನ್ನು ಬೇರೆ ಮಾಡಿ ತೋರಿಸಲು ಅಷ್ಟು ಸಾಕು. ಚೀಟಿಯಲ್ಲಿ ಮಾತ್ರ ಆ ಯಾವ ಪದವೂ ಇಲ್ಲ. ಇಷ್ಟೇ ಬರೆದಿದ್ದೇನೆ: ‘ದಾವಣಗೆರೆ ಮನೆ ಒತ್ತಿ. ಮಾವನ ಹಾಡು ಆರಿಸಿ. ಬರದಿದ್ದರೆ ನನಗೆ ಫೋನ್ ಮಾಡಿ.’

‘ಟ್ರಾನ್ಸ್‌ಕೋಡಿಂಗ್’ ಇನ್ನೂ ಖಾಲಿ ಇದೆ. ಟಿವಿಗೆ ಅರ್ಥವಾಗದ ಫೈಲನ್ನು ಕಂಪ್ಯೂಟರ್ ಆಗಿಂದಾಗಲೇ ಬೇರೆ ರೂಪಕ್ಕೆ ತಿರುಗಿಸಿ ಕೊಡುವುದು. ದುರ್ಗದಿಂದ ಬಂದ ಮೇಲೆ ಸೋಮವಾರ ಕೇಳುತ್ತೇನೆ.