ಟೆಂಟಿನ ಆಟಕ್ಕೆ ಮೊದಲು ನಿಮ್ಮೂರಿನಲ್ಲಿ ಯಾವ ಹಾಡು ಹಾಕುತ್ತಿದ್ದರು?

ಪ್ರಶ್ನೆ: ಮಾವಿನತೋಪು (ಶ್ರೀನಿವಾಸಪುರ)

ಎಲ್ಲರಿಗೂ ನಮಸ್ಕಾರ. ನಾನು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನವನು. ಎಪ್ಪತ್ತರ ದಶಕದಲ್ಲಿ ಸುಗ್ಗಿ ಮುಗಿದ ಮೇಲೆ ನಮ್ಮೂರಿನ ಕೆರೆಯ ಹಿಂದಿನ ಬಯಲಿನಲ್ಲಿ ಟೂರಿಂಗ್ ಟಾಕೀಸಿನವರು ಡೇರೆ ಹಾಕುತ್ತಿದ್ದರು. ಸಂಜೆ ಜನರೇಟರಿನ ಸದ್ದು ಶುರುವಾಗಿ, ಗಳುವಿನ ತುದಿಗೆ ಕಟ್ಟಿದ ಹಾರ್ನಿನಿಂದ ಎರಡು ಮೂರು ಸಿನಿಮಾ ಹಾಡುಗಳು ಬಂದ ಮೇಲೆ ತೆಲುಗು ಗಾಯಕ ಘಂಟಸಾಲ ಅವರ ‘ನಮೋ ವೆಂಕಟೇಶ’ ಕೇಳಿಸಿತೆಂದರೆ, ಟಿಕೆಟ್ ಕೊಡಲು ಆರಂಭಿಸಿದ್ದಾರೆಂದೇ ಅರ್ಥ. ಆ ಹೊತ್ತಿಗೆ ಒಲೆಯ ಮೇಲಿನ ಮುದ್ದೆ ಇಳಿದಿರಬೇಕು, ಇಲ್ಲವಾದರೆ ನ್ಯೂಸ್ ರೀಲ್ ತಪ್ಪಿಹೋಗುತ್ತದೆಂದು ಅಮ್ಮ ಅವಸರ ಮಾಡುತ್ತಿದ್ದರು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಆಡುತ್ತಿದ್ದ ನಮಗೆ ಅದು ಯಾವ ಭಾಷೆಯ ಹಾಡೆಂಬ ಯೋಚನೆಯೇ ಬಂದದ್ದಿಲ್ಲ.

ಆದರೆ ನನ್ನ ಪ್ರಶ್ನೆ ಇನ್ನೂ ಸ್ವಲ್ಪ ಮುಂದಿನದು. ಬಂದ ಚಿತ್ರಕ್ಕೆಲ್ಲ ಮನೆಯಲ್ಲಿ ಕಾಸು ಕೊಡುತ್ತಿರಲಿಲ್ಲವಾದ್ದರಿಂದ ಬಹುಪಾಲು ಸಿನಿಮಾಗಳನ್ನು ನಾನು ನಮ್ಮ ಮನೆಯ ಜಗಲಿಯ ಮೇಲೆ ಮಲಗಿಕೊಂಡೇ ಕೇಳಿದ್ದೇನೆ. 1971ರ ‘ಕಸ್ತೂರಿ ನಿವಾಸ’ವನ್ನು ಹೀಗೆ ಎಷ್ಟೋ ರಾತ್ರಿ ಕೇಳಿದ್ದೆ, ನೋಡಿದ್ದು ಮಾತ್ರ ಊರಿಗೆ ಟಿ.ವಿ. ಬಂದ ನಂತರ. ಪಿ.ಬಿ. ಶ್ರೀನಿವಾಸ್ ಅವರು ಹಾಡಿದ, ಬೀಳಿಸಿದರೂ ಎದ್ದು ಕೂರುವ ಬೊಂಬೆಯ ಹಾಡಿಗೆ ನಾನು ಮನಸ್ಸಿನಲ್ಲಿ ಆಳೆತ್ತರದ ಬೊಂಬೆಯೊಂದನ್ನು ಮಾಡಿಟ್ಟುಕೊಂಡಿದ್ದೆ. ಪರದೆಯ ಮೇಲಿನ ಪುಟ್ಟ ಬೊಂಬೆಯನ್ನು ಕಂಡಾಗ ನಿಜಕ್ಕೂ ಬೇಸರವಾಯಿತು. ಈಗಲೂ ಆ ಹಾಡು ಬಂದರೆ ನೆನಪಾಗುವುದು ರಾಜ್‌ಕುಮಾರ್ ಅವರ ಮುಖವಲ್ಲ, ಜಗಲಿಯ ತಣ್ಣನೆಯ ಕಲ್ಲುಚಪ್ಪಡಿ. ನಿಮಗೂ ಹೀಗೆ ಹಾಡಿನ ನೆನಪು ಚಿತ್ರಕ್ಕಿಂತ ಹೆಚ್ಚಾಗಿ ಅದನ್ನು ಕೇಳಿದ ಜಾಗಕ್ಕೆ ಅಂಟಿಕೊಂಡಿದೆಯೇ?

ಉತ್ತರ: ನಿವೃತ್ತ ಮೇಷ್ಟ್ರು (ಚಿಂತಾಮಣಿ)

ನಮ್ಮ ಕಡೆಯೂ ‘ನಮೋ ವೆಂಕಟೇಶ’ವೇ. ಭೌತವಿಜ್ಞಾನ ಪಾಠ ಮಾಡಿದವನಾದ್ದರಿಂದ ಒಂದು ವಿಷಯ ಸೇರಿಸುತ್ತೇನೆ. ಹಗಲಿನಲ್ಲಿ ಕೇಳಿಸದ ಹಾರ್ನು ರಾತ್ರಿ ಪಕ್ಕದ ಊರಿಗೂ ಕೇಳಿಸುತ್ತಿದ್ದುದಕ್ಕೆ ಊರು ನಿಶ್ಶಬ್ದವಾಗಿದ್ದುದೊಂದೇ ಕಾರಣವಲ್ಲ. ಮೋಡವಿಲ್ಲದ ರಾತ್ರಿ ನೆಲ ಬೇಗ ತಣ್ಣಗಾಗುತ್ತದೆ. ನೆಲಕ್ಕೆ ಹತ್ತಿದ ಗಾಳಿ ತಂಪಾಗಿ, ಮೇಲಿನ ಗಾಳಿ ಬೆಚ್ಚಗೆ ಉಳಿದಾಗ ಮೇಲಕ್ಕೆ ಹೋಗಬೇಕಾದ ಶಬ್ದ ಬಾಗಿ ಮತ್ತೆ ನೆಲದ ಕಡೆಗೆ ಬರುತ್ತದೆ. ಸುಗ್ಗಿಯ ನಂತರದ ಚಳಿಗಾಲದ ರಾತ್ರಿಗಳು ಇದಕ್ಕೆ ಹೇಳಿ ಮಾಡಿಸಿದಂಥವು.

ಇನ್ನೊಂದು ಮಾತು. ಆ ತಗಡಿನ ಹಾರ್ನುಗಳಿಗೆ ತಗ್ಗಿನ ಸ್ವರಗಳನ್ನು ಹೊರಡಿಸುವ ಶಕ್ತಿ ಇರಲಿಲ್ಲ. ಗಾಯಕರ ಕಂಠ, ಕೊಳಲು, ಪಿಟೀಲು ಸ್ಪಷ್ಟವಾಗಿ ಬರುತ್ತಿದ್ದವು, ತಬಲದ ಎಡಗೈ ಪೆಟ್ಟು ಮಾತ್ರ ಎಲ್ಲೋ ಕಳೆದುಹೋಗುತ್ತಿತ್ತು. ಎಷ್ಟೋ ವರ್ಷಗಳ ನಂತರ ಮಗ ತಂದುಕೊಟ್ಟ ಒಳ್ಳೆಯ ಸ್ಪೀಕರಿನಲ್ಲಿ ಅವೇ ಹಾಡುಗಳನ್ನು ಕೇಳಿದಾಗ ಬೇರೆ ಯಾರೋ ಹೊಸದಾಗಿ ವಾದ್ಯ ಸೇರಿಸಿದ್ದಾರೇನೋ ಎನ್ನಿಸಿತು. ನನ್ನ ಕಿವಿಗೆ ಈಗಲೂ ಹಾರ್ನಿನ ಹಾಡೇ ಸರಿ. ಇದನ್ನು ಮನೆಯಲ್ಲಿ ಹೇಳಿದರೆ ನಗುತ್ತಾರೆ.

ಉತ್ತರ: ರಾಗಿಹೊಲ (ಚಿಕ್ಕಬಳ್ಳಾಪುರ)

ನನ್ನ ನೆನಪು ಜಾಗಕ್ಕೂ ಅಂಟಿದೆ, ಹಾಡಿನ ಮಾತಿಗೂ ಅಂಟಿದೆ. ನಮ್ಮೂರು ವಿಶ್ವೇಶ್ವರಯ್ಯನವರು ಹುಟ್ಟಿದ ಮುದ್ದೇನಹಳ್ಳಿಗೆ ಹತ್ತಿರ. 1972ರಲ್ಲಿ ‘ಬಂಗಾರದ ಮನುಷ್ಯ’ ಬಂದಾಗ ಚಿಕ್ಕಬಳ್ಳಾಪುರ ಇನ್ನೂ ಕೋಲಾರ ಜಿಲ್ಲೆಗೇ ಸೇರಿತ್ತು. ಪ್ರತ್ಯೇಕ ಜಿಲ್ಲೆಯಾದದ್ದು 2007ರಲ್ಲಿ. ಆ ಚಿತ್ರದ ‘ಆಗದು ಎಂದು’ ಹಾಡಿನಲ್ಲಿ ವಿಶ್ವೇಶ್ವರಯ್ಯನವರ ಮತ್ತು ಕನ್ನಂಬಾಡಿ ಕಟ್ಟೆಯ ಹೆಸರು ಬರುತ್ತಿದ್ದಂತೆಯೇ ನೆಲದ ಮೇಲೆ ಕೂತವರೆಲ್ಲ ಶಿಳ್ಳೆ ಹಾಕುತ್ತಿದ್ದರು. ನಮ್ಮ ಕಡೆಯವರ ಹೆಸರು ಹಾಡಿನಲ್ಲಿ ಬಂತಲ್ಲ ಎಂಬ ಹಿಗ್ಗು!

ನಮ್ಮ ತಂದೆಯವರು ಮಾತ್ರ ಶಿಳ್ಳೆ ಹಾಕಿದವರಲ್ಲ. ಕಟ್ಟೆ ಕಟ್ಟಿಸಿದ ಪುಣ್ಯಾತ್ಮ ಹುಟ್ಟಿದ ಸೀಮೆಗೆ ಆ ಕಾವೇರಿಯ ಒಂದು ಕಾಲುವೆಯೂ ಬಾರದು, ನಾವು ಕೆರೆಯನ್ನೂ ಬಾವಿಯನ್ನೂ ನಂಬಿಕೊಂಡೇ ರಾಗಿ ಬೆಳೆಯಬೇಕು ಎಂದು ಮನೆಗೆ ಬರುವ ದಾರಿಯುದ್ದಕ್ಕೂ ಹೇಳುತ್ತಿದ್ದರು. ಹಾಗೆ ಹೇಳಿದವರೇ ಮಾರನೆಯ ದಿನ ಎತ್ತು ಕಟ್ಟಿ ಬಾವಿಯ ನೀರೆತ್ತುವ ಕಪಿಲೆ ಹೊಡೆಯುವಾಗ ಅದೇ ಹಾಡನ್ನು ಗುನುಗುತ್ತಿದ್ದರು. ಎತ್ತುಗಳು ಹಿಂದಕ್ಕೆ ನಡೆಯುವಾಗ ಒಂದು ಸಾಲು, ನೀರು ತುಂಬಿದ ಬಾನಿ ಮೇಲೆ ಬರುವಾಗ ಇನ್ನೊಂದು ಸಾಲು. ಆ ಹಾಡಿನ ಮೂಲ ಲಯ ಅದಕ್ಕಿಂತ ಚುರುಕಾದದ್ದೆಂದು ನನಗೆ ರೇಡಿಯೋದಲ್ಲಿ ಕೇಳಿದಾಗಲೇ ತಿಳಿದದ್ದು.

ಉತ್ತರ: ಮಾಲೂರಿನವನು

ನಮ್ಮಲ್ಲಿಯೂ ಘಂಟಸಾಲ ಅವರದೇ ಹಾಡು, ಆದರೆ ಅದು ಟಿಕೆಟ್ ಆರಂಭದ ಗುರುತಾಗಿರಲಿಲ್ಲ. ಆ ಹಾಡು ಮುಗಿದರೆ ದೀಪ ಆರುತ್ತಿತ್ತು. ಆಮೇಲೆ ಬಂದವರು ಕತ್ತಲಲ್ಲಿ ಕಾಲು ತುಳಿದು ಬೈಸಿಕೊಳ್ಳುತ್ತಿದ್ದರು.

ಉತ್ತರ: ಹೇಮಾವತಿ ನಾಲೆ (ಗುಬ್ಬಿ)

ತುಮಕೂರು ಜಿಲ್ಲೆಯ ನಮ್ಮ ಹೋಬಳಿಗೆ ಬರುತ್ತಿದ್ದ ಟೆಂಟಿನಲ್ಲಿ ಎಸ್. ಜಾನಕಿಯವರ ‘ಗಜಮುಖನೆ ಗಣಪತಿಯೆ’ ಹಾಕುತ್ತಿದ್ದರು. ತೆಲುಗು ಹಾಡು ಕೇಳಿದ ನೆನಪಿಲ್ಲ. ಆಂಧ್ರದ ಗಡಿಗೆ ನಾವು ನಿಮ್ಮಷ್ಟು ಹತ್ತಿರದವರಲ್ಲ.

ನೀವು ಕೇಳಿದ ಎರಡನೆಯ ಪ್ರಶ್ನೆಗೆ ನಮ್ಮ ಅಜ್ಜಿಯೇ ಉತ್ತರ. ಗುಬ್ಬಿ ವೀರಣ್ಣನವರ ಕಂಪನಿಯ ನಾಟಕಗಳನ್ನು ನೋಡಿ ಬೆಳೆದ ಅವರಿಗೆ ಸಿನಿಮಾ ಎಂದರೆ ಅಷ್ಟಕ್ಕಷ್ಟೇ. ಅದೇ ಕಂಪನಿಯಲ್ಲಿದ್ದ ರಾಜ್‌ಕುಮಾರ್ ಅವರು 1954ರಲ್ಲಿ ‘ಬೇಡರ ಕಣ್ಣಪ್ಪ’ದಿಂದ ನಾಯಕನಟರಾದರೆಂಬ ಕಾರಣಕ್ಕೆ ಆ ಒಂದು ಚಿತ್ರಕ್ಕೆ ಮಾತ್ರ ರಿಯಾಯಿತಿ ಇತ್ತು. ಅದರ ‘ಶಿವಪ್ಪ ಕಾಯೋ ತಂದೆ’ ಹಾಡನ್ನು ಶಿವರಾತ್ರಿಯ ಜಾಗರಣೆಯಲ್ಲಿ ತತ್ವಪದಗಳ ನಡುವೆ, ತಾಳ ಹಿಡಿದುಕೊಂಡು ಹಾಡುತ್ತಿದ್ದರು. ಅದು ಸಿನಿಮಾ ಹಾಡೆಂದು ನನಗೆ ಗೊತ್ತಾದದ್ದು ಹೈಸ್ಕೂಲಿಗೆ ಹೋದ ಮೇಲೆ. ಅಜ್ಜಿಯನ್ನು ಕೇಳಿದರೆ, ಹಸಿವಾದವನು ಶಿವನನ್ನು ಕರೆದರೆ ಅದು ಸಿನಿಮಾ ಹೇಗಾಗುತ್ತದೆ ಎಂದು ನನ್ನನ್ನೇ ಗದರಿಸಿದರು.

ಮರುನುಡಿ: ಮಾವಿನತೋಪು (ಶ್ರೀನಿವಾಸಪುರ)

ಎಲ್ಲರಿಗೂ ಧನ್ಯವಾದಗಳು. ಮೇಷ್ಟ್ರೇ, ರೀಲು ಬದಲಿಸುವಾಗ ಆಗುತ್ತಿದ್ದ ಮೌನವೂ ಜಗಲಿಯಲ್ಲಿದ್ದ ನಮಗೆ ಕಥೆಯ ಭಾಗವೇ ಆಗಿತ್ತು. ಒಂದೇ ಪ್ರೊಜೆಕ್ಟರ್ ಇದ್ದುದರಿಂದ ಮಾತಿನ ನಡುವೆ ಸದ್ದು ನಿಂತರೆ ಮುಂದೇನಾಯಿತೆಂದು ನಾವೇ ಕಟ್ಟಿಕೊಳ್ಳುತ್ತಿದ್ದೆವು. ಮಾಲೂರಿನವರು ಹೇಳಿದ್ದನ್ನು ನೋಡಿದರೆ ಒಂದೇ ಹಾಡನ್ನು ಒಂದೊಂದು ಟೆಂಟಿನವರು ಒಂದೊಂದು ಸೂಚನೆಗೆ ಬಳಸುತ್ತಿದ್ದರೆಂದು ಕಾಣುತ್ತದೆ. ಬಂಗಾರಪೇಟೆ ಮತ್ತು ಬಾಗೇಪಲ್ಲಿ ಕಡೆಯವರು ಯಾರಾದರೂ ಇದ್ದರೆ ನಿಮ್ಮಲ್ಲಿ ಅದು ಟಿಕೆಟಿಗೋ ದೀಪಕ್ಕೋ ತಿಳಿಸಿ. ಗುಬ್ಬಿಯವರೇ, ನಿಮ್ಮ ಅಜ್ಜಿ ಹಾಡುತ್ತಿದ್ದ ಧಾಟಿ ಚಿತ್ರದಲ್ಲಿರುವಂತೆಯೇ ಇತ್ತೇ, ಅಥವಾ ಭಜನೆಯವರು ಅದನ್ನು ತಮಗೆ ಬೇಕಾದಂತೆ ಎಳೆದು ಹಾಡುತ್ತಿದ್ದರೇ?