ಕ್ಷಯದ ಗುಳಿಗೆಗೆ ಕರಗದ ಎದೆಯ ಗ್ರಂಥಿಗಳು: ಸಾರ್ಕಾಯ್ಡೋಸಿಸ್ ಇರಬಹುದೇ?

ಪ್ರಶ್ನೆ (ವಿಜಯಪುರ)

ನಮ್ಮ ವೈನಿಯವರಿಗೆ 41 ವರ್ಷ. ದೀಪಾವಳಿಯ ಹೊತ್ತಿಗೆ ಅವರಿಗೆ ಜ್ವರ ಬಂದು, ಎರಡೂ ಕಾಲಿನ ಹರಡುಗಳು ಬಾತುಕೊಂಡು, ಮೊಣಕಾಲಿನ ಕೆಳಗೆ ಮುಂಭಾಗದಲ್ಲಿ ಮುಟ್ಟಿದರೆ ನೋಯುವ ಕೆಂಪು ಗಂಟುಗಳು ಎದ್ದವು. ಎಕ್ಸ್‌-ರೇಯಲ್ಲಿ ಎರಡೂ ಶ್ವಾಸಕೋಶಗಳ ಬುಡದ ದುಗ್ಧಗ್ರಂಥಿಗಳು ಊದಿದ್ದು ಕಂಡಿದ್ದರಿಂದ, ಕಫದಲ್ಲಿ ಕ್ರಿಮಿ ಸಿಗದಿದ್ದರೂ, ಕ್ಷಯದ ಗುಳಿಗೆ ಆರಂಭಿಸಿದರು. ಮೂರು ತಿಂಗಳಾದರೂ ಗ್ರಂಥಿಗಳು ಇದ್ದ ಹಾಗೆಯೇ ಇವೆ. ಒಣಕೆಮ್ಮು, ದಣಿವು ಹೋಗಿಲ್ಲ. ಕ್ಷಯಕ್ಕೆಂದು ಚರ್ಮದಲ್ಲಿ ಸೂಜಿ ಚುಚ್ಚಿ ನೋಡುವ ಮಾಂಟೂ ಪರೀಕ್ಷೆಯಲ್ಲಿ ತೋಳು ಸ್ವಲ್ಪವೂ ಉಬ್ಬಲಿಲ್ಲ. ಈಗ ಬೇರೊಬ್ಬ ವೈದ್ಯರು ಸಾರ್ಕಾಯ್ಡೋಸಿಸ್ ಎನ್ನುತ್ತಿದ್ದಾರೆ. ಇದನ್ನು ಖಚಿತಪಡಿಸಿಕೊಳ್ಳುವುದು ಹೇಗೆ? ಸ್ಟೆರಾಯ್ಡ್ ತೆಗೆದುಕೊಳ್ಳಲೇಬೇಕೇ? ಮನೆಯಲ್ಲಿ ಸಣ್ಣ ಮಕ್ಕಳಿದ್ದಾರೆ, ಅವರಿಗೆ ಅಂಟುತ್ತದೆಯೇ?

ಉತ್ತರ (ಶ್ವಾಸಕೋಶ ತಜ್ಞ, ಬೆಳಗಾವಿ)

ಸಾರ್ಕಾಯ್ಡೋಸಿಸ್ ಎಂದರೆ ಶ್ವಾಸಕೋಶ, ದುಗ್ಧಗ್ರಂಥಿ ಮುಂತಾದೆಡೆ ಗ್ರಾನುಲೋಮಾ, ಅಂದರೆ ಉರಿಯೂತದ ಕೋಶಗಳ ಪುಟ್ಟ ಗಂಟುಗಳು, ಏಳುವ ರೋಗ. ಇದು ಅಂಟುರೋಗವಲ್ಲ. ಆದರೆ ಕ್ಷಯವಲ್ಲವೆಂದು ಖಚಿತವಾಗುವವರೆಗೆ ಕೆಮ್ಮುವಾಗ ಬಾಯಿ ಮುಚ್ಚಿಕೊಳ್ಳುವ ಎಚ್ಚರ ಇರಲಿ. ನೀವು ಬರೆದ ಜ್ವರ, ಹರಡಿನ ಬಾವು, ಕೆಂಪು ಗಂಟು, ಎರಡೂ ಬದಿಯ ಗ್ರಂಥಿ ಊತ ಒಟ್ಟಿಗೆ ಬಂದರೆ ಅದನ್ನು ಲಾಫ್‌ಗ್ರೆನ್ ಸಿಂಡ್ರೋಮ್ ಎನ್ನುತ್ತೇವೆ. ಇದು ಈ ರೋಗದ ಸೌಮ್ಯ ರೂಪ. ಹೆಚ್ಚಿನವರಲ್ಲಿ ಎರಡು ವರ್ಷಗಳೊಳಗೆ ತಾನಾಗಿಯೇ ಶಮನವಾಗುತ್ತದೆ. ಆದರೂ ಕ್ಷಯದಲ್ಲಿಯೂ ಇಂಥ ಕೆಂಪು ಗಂಟುಗಳು ಏಳುವುದುಂಟು. ಕ್ಷಯ ಹೆಚ್ಚಾಗಿರುವ ನಮ್ಮ ನಾಡಿನಲ್ಲಿ ಮಾಂಟೂ ಉಬ್ಬದಿರುವುದು ಸಾರ್ಕಾಯ್ಡೋಸಿಸ್‌ನತ್ತ ಬೆರಳು ತೋರಿಸುತ್ತದೆ, ಆದರೆ ತೀವ್ರ ಕ್ಷಯದಲ್ಲಿಯೂ ಅದು ಉಬ್ಬದಿರಬಹುದು.

ಆದ್ದರಿಂದ ಎಬಸ್ ಎಂಬ, ಶ್ವಾಸನಾಳದೊಳಗಿನಿಂದ ಅಲ್ಟ್ರಾಸೌಂಡ್ ನೋಡುತ್ತ ಸೂಜಿಯಿಂದ ಗ್ರಂಥಿಯ ಅಂಶ ತೆಗೆಯುವ ಪರೀಕ್ಷೆಯನ್ನು ಮಾಡಿಸಿ. ಆ ಅಂಶದ ಒಂದು ಪಾಲು ಪೆಥಾಲಜಿಗೂ, ಇನ್ನೊಂದು ಪಾಲು ಕ್ಷಯದ ಕ್ರಿಮಿಯ ವಂಶವಾಹಿ ಹುಡುಕುವ ಸಿಬಿನ್ಯಾಟ್ ಮತ್ತು ಕ್ರಿಮಿಯನ್ನು ಬೆಳೆಸಿ ನೋಡುವ ಕಲ್ಚರ್‌ಗೂ ಹೋಗಲೇಬೇಕು. ಎಲ್ಲವನ್ನೂ ಕ್ರಿಮಿಯನ್ನು ಕೊಲ್ಲುವ ಫಾರ್ಮಲಿನ್‌ನಲ್ಲಿ ಹಾಕಿಬಿಟ್ಟರೆ ಕಲ್ಚರ್ ಸಾಧ್ಯವಾಗುವುದಿಲ್ಲ. ಗ್ರಾನುಲೋಮಾದ ನಡುವೆ ಕೊಳೆತ ಭಾಗವಿಲ್ಲದೆ, ಕ್ರಿಮಿಯೂ ಸಿಗದಿದ್ದರೆ ನಿರ್ಣಯ ಗಟ್ಟಿಯಾಗುತ್ತದೆ. ಈ ರೋಗದಲ್ಲಿ ಏರಬಹುದಾದ ಎ.ಸಿ.ಇ. ಎಂಬ ಕಿಣ್ವದ ರಕ್ತದ ಮಟ್ಟವೊಂದನ್ನೇ ನಂಬಬೇಡಿ. ಫಲಿತಾಂಶ ಬರುವವರೆಗೆ ಈಗಿನ ಗುಳಿಗೆಗಳನ್ನು ನೀವಾಗಿಯೇ ನಿಲ್ಲಿಸಬೇಡಿ.

ಸ್ಟೆರಾಯ್ಡ್ ಎಲ್ಲರಿಗೂ ಬೇಕಾಗಿಲ್ಲ. ಶ್ವಾಸಕೋಶದ ಸಾಮರ್ಥ್ಯ ಕುಗ್ಗುತ್ತಿದ್ದರೆ, ಕಣ್ಣು, ಹೃದಯ, ನರಮಂಡಲಕ್ಕೆ ತಗುಲಿದ್ದರೆ ಅಥವಾ ರಕ್ತದಲ್ಲಿ ಕ್ಯಾಲ್ಸಿಯಂ ಏರಿದ್ದರೆ ಕೊಡುತ್ತೇವೆ. ಶ್ವಾಸಕೋಶದ ತೊಂದರೆಗೆ ಸಾಮಾನ್ಯವಾಗಿ ಪ್ರೆಡ್ನಿಸೊಲೋನ್ ಎಂಬ ಸ್ಟೆರಾಯ್ಡನ್ನು ದಿನಕ್ಕೆ 20ರಿಂದ 40 ಮಿಲಿಗ್ರಾಂನಿಂದ ಆರಂಭಿಸಿ, ಹಲವು ತಿಂಗಳುಗಳಲ್ಲಿ ನಿಧಾನವಾಗಿ ಇಳಿಸುತ್ತೇವೆ. ಇಳಿಸಲು ಆಗದವರಿಗೆ ಮೆಥೊಟ್ರೆಕ್ಸೇಟ್ ಎಂಬ ಇನ್ನೊಂದು ಔಷಧ ಸೇರಿಸುತ್ತೇವೆ.

ಉತ್ತರ (ಬಾಗಲಕೋಟೆ)

ನನಗೆ ಇದೇ ರೋಗವಿದೆ. ಸ್ಟೆರಾಯ್ಡ್ ಜೊತೆಗೆ ಎಲುಬಿನ ರಕ್ಷಣೆಗೆಂದು ಕ್ಯಾಲ್ಸಿಯಂ ಗುಳಿಗೆ ಮತ್ತು ವಾರಕ್ಕೊಮ್ಮೆ ಹಾಲಿನಲ್ಲಿ ಕಲಸಿ ಕುಡಿಯುವ ವಿಟಮಿನ್ ಡಿ ಪುಡಿ ಬರೆದುಕೊಟ್ಟಿದ್ದರು. ಏಪ್ರಿಲ್‌ನಲ್ಲಿ ಎಷ್ಟು ನೀರು ಕುಡಿದರೂ ಬಾಯಾರಿಕೆ, ಮಲಬದ್ಧತೆ, ರಾತ್ರಿ ಪದೇ ಪದೇ ಮೂತ್ರಕ್ಕೆ ಏಳುವುದು ಶುರುವಾಯಿತು. ನಮ್ಮ ಕಡೆಯ ಬಿಸಿಲಿಗೆ ಇದು ಸಹಜವೆಂದೇ ಮನೆಯವರೆಲ್ಲರೂ ತಿಳಿದರು. ಪರೀಕ್ಷಿಸಿದಾಗ ರಕ್ತದ ಕ್ಯಾಲ್ಸಿಯಂ ಇರಬೇಕಾದ ಮಟ್ಟ ಮೀರಿ 12 ದಾಟಿತ್ತು. ದಯವಿಟ್ಟು ವೈನಿಯವರ ಕ್ಯಾಲ್ಸಿಯಂ ನೋಡಿಸದೆ ಆ ಪುಡಿ ಕೊಡಬೇಡಿ.

ಉತ್ತರ (ಶ್ವಾಸಕೋಶ ತಜ್ಞ, ಬೆಳಗಾವಿ)

ಇವರ ಮಾತು ಬಹಳ ಮುಖ್ಯ. ಗ್ರಾನುಲೋಮಾದ ಕೋಶಗಳು ಮೂತ್ರಪಿಂಡದ ಹಿಡಿತಕ್ಕೆ ಸಿಗದೆ ವಿಟಮಿನ್ ಡಿಯನ್ನು ಅದರ ಕ್ರಿಯಾಶೀಲ ರೂಪಕ್ಕೆ ತಿರುಗಿಸುತ್ತವೆ. ಸಾಮಾನ್ಯ ಪರೀಕ್ಷೆಯಲ್ಲಿ ವಿಟಮಿನ್ ಡಿ ಕಡಿಮೆ ಎಂದು ಬಂದರೂ ಒಳಗೆ ಕ್ರಿಯಾಶೀಲ ರೂಪ ಹೆಚ್ಚಿರಬಹುದು. ಆಗ ಪುಡಿ ಕೊಟ್ಟರೆ ಕ್ಯಾಲ್ಸಿಯಂ ಏರಿ ಮೂತ್ರಪಿಂಡಕ್ಕೆ ಹಾನಿಯಾಗುತ್ತದೆ, ಹರಳು ಆಗುತ್ತದೆ. ಕಡು ಬಿಸಿಲಿನಲ್ಲಿ ಹೆಚ್ಚು ಹೊತ್ತು ಇರುವುದರಿಂದಲೂ ಕ್ಯಾಲ್ಸಿಯಂ ಏರುತ್ತದೆ.

ಉತ್ತರ (ನೇತ್ರತಜ್ಞೆ, ವಿಜಯಪುರ)

ಈ ರೋಗದಲ್ಲಿ ಕಣ್ಣು ಕೆಂಪಾಗದೆ, ನೋಯದೆ ಒಳಗೆ ಉರಿಯೂತ ಇರಬಲ್ಲದು. ಹೀಗೆಯೇ ದೃಷ್ಟಿ ಮಸುಕಾಗಿ ತಡವಾಗಿ ಬಂದವರನ್ನು ನೋಡಿದ್ದೇನೆ. ಆದ್ದರಿಂದ ತೊಂದರೆಯಿಲ್ಲದಿದ್ದರೂ ಒಮ್ಮೆ ಸೂಕ್ಷ್ಮದರ್ಶಕದಿಂದ ಕಣ್ಣಿನೊಳಗೆ ನೋಡುವ ಸ್ಲಿಟ್ ಲ್ಯಾಂಪ್ ಪರೀಕ್ಷೆಯಾಗಲಿ. ಜೊತೆಗೆ ಇಸಿಜಿ ಮಾಡಿಸಿ; ಎದೆ ಡವಗುಟ್ಟುವುದು ಅಥವಾ ಕಣ್ಣು ಕತ್ತಲೆ ಬಂದು ಬೀಳುವುದು ಆದರೆ ಅದೇ ದಿನ ಹೃದಯ ತಜ್ಞರಲ್ಲಿಗೆ ಕರೆದೊಯ್ಯಿರಿ.